ರಾಣಿಯ ಎದೆ, ನಾಲ್ಕರ ಮಗ್ಗಿ

ಬಾದಾಮಿ ರೈಲು ನಿಲ್ದಾಣದಿಂದ ಊರಿಗೆ 5 ಕಿಲೋಮೀಟರ್. ಬೆಳಗಿನ ಗಾಡಿ ಇಳಿಸಿಹೋದ ಮಂದಿಯನ್ನು ಟಂಟಂಗಳು ಬೀಡಿ ಹೊತ್ತಿಸುವಷ್ಟರಲ್ಲಿ ಬಾಚಿಕೊಂಡು ಹೋದವು. ಧೂಳು ಕೂತ ಮೇಲೆ ಬೇವಿನ ಮರದಡಿ ಉಳಿದದ್ದು ಒಂದು ಟಾಂಗಾ, ಅದಕ್ಕೆ ಇನ್ನೂ ಹೂಡದ ಒಂದು ಬೂದುಬಣ್ಣದ ಹೆಣ್ಣು ಕುದುರೆ, ಅದರ ಎಡಗಾಲಿನ ಹತ್ತಿರ ಮೊಣಕಾಲೂರಿ ಕೂತು ಕಿವಿಗೆ ಸ್ಟೆತಸ್ಕೋಪ್ ಸಿಕ್ಕಿಸಿಕೊಂಡ ನಾನು.

ಟಾಂಗಾದ ಕಾಕಾ ಮಫ್ಲರು ಸುತ್ತಿಕೊಂಡು ಬಸಿಯಲ್ಲಿ ಚಹಾ ಸುರುವಿಕೊಳ್ಳುತ್ತಿದ್ದರು. ಬನದ ಹುಣ್ಣಿಮೆಗೆ ಇನ್ನು ನಾಲ್ಕು ದಿನ. ಪುಷ್ಯದ ಚಳಿಗೆ ಕುದುರೆಯ ಮೂಗಿನ ಹೊಳ್ಳೆಯಿಂದ ಹೊಗೆ ಬರುತ್ತಿತ್ತು.

‘ಏನ್ ಕೇಳಾಕತ್ತೀರಿ ಸರ? ರಾಣಿ ಏನರ ಮಾತಾಡತೈತೇನು?’

‘ಎದಿ ಬಡತ ಎಣಸಾಕತ್ತೀನಿ ಕಾಕಾ.’

‘ಎಣಸ್ರಿ ಎಣಸ್ರಿ. ಅಕೀದು ಮುಗದ ಮ್ಯಾಲ ನಂದೂ ಒಂದೀಟು ನೋಡ್ರಿ.’

ಎಣಿಸುವುದು ಅಷ್ಟು ಸಲೀಸಾಗಿರಲಿಲ್ಲ. ಸ್ಟೆತಸ್ಕೋಪಿನ ಬಿಲ್ಲೆಯನ್ನು ಕುದುರೆಯ ಪಕ್ಕೆಗೆ ಒತ್ತಿದರೆ ಕೇಳುವುದು ಹೊಟ್ಟೆಯ ಗುಳುಗುಳು. ರಾತ್ರಿ ತಿಂದ ಜೋಳದ ಕಣಿಕೆ ಒಳಗೆ ಇನ್ನೂ ಸಂಸಾರ ನಡೆಸಿರುತ್ತದೆ. ಹೃದಯ ಇರುವುದು ಅದಕ್ಕೂ ಮುಂದೆ. ಎಡ ಮುಂಗಾಲಿನ ಮೊಣಕೈ ಎಂದು ಕರೆಯಬಹುದಾದ ಗಂಟಿನ ಹಿಂದೆ, ಬಿಲ್ಲೆಯನ್ನು ಕಾಲಿನ ಒಳಮಗ್ಗುಲಿಗೆ, ಕಂಕುಳಿಗೆ ತುರುಕಿದ ಹಾಗೆ ಇಡಬೇಕು. ಇಟ್ಟೆ. ಮೊದಲು ಏನೂ ಇಲ್ಲ. ಆಮೇಲೆ ನಾಲ್ಕು ಮನೆಯಾಚೆ ಯಾರೋ ಒನಕೆಯಲ್ಲಿ ಕುಟ್ಟುತ್ತಿರುವ ಹಾಗೆ, ಆತುರವೇ ಇಲ್ಲದ ಒಂದು ಸದ್ದು.

ಗಡಿಯಾರ ನೋಡಿ 15 ಸೆಕೆಂಡು ಎಣಿಸಿದೆ. 19 ಬಂತು. ನಾಲ್ಕರಿಂದ ಗುಣಿಸಿದರೆ ನಿಮಿಷಕ್ಕೆ 76. ಎದೆ ಧಸಕ್ಕೆಂದಿತು, ನನ್ನದು. ನಿಂತ ಕುದುರೆಯ ಬಡಿತ 28ರಿಂದ 44ರೊಳಗೆ ಇರಬೇಕು ಎಂದು ಪಶುವೈದ್ಯ ಗೆಳೆಯ ಹೇಳಿಕೊಟ್ಟಿದ್ದ. ಅವನಿಗೇ ಫೋನು ಹಚ್ಚಿದೆ. ಆ ಕಡೆಯಿಂದ ನಗು. ‘ಲಬ್ ಅಂದದ್ದು ಒಂದು, ಡಬ್ ಅಂದದ್ದು ಒಂದು ಅಂತ ಎಣಿಸಿದ್ದೀ. ಎರಡೂ ಕೂಡಿ ಒಂದೇ ಬಡಿತ ಮಾರಾಯ. ಅರ್ಧ ಮಾಡು.’ ಅರ್ಧ ಮಾಡಿದರೆ 38. ಮೊದಲ ಸಲ ಎಣಿಸುವವರೆಲ್ಲ ಬೀಳುವ ಹಳ್ಳವೇ ಇದು. ಕುದುರೆಯ ಹೃದಯ ಎಷ್ಟು ದೊಡ್ಡದೆಂದರೆ ಅದರ ಕವಾಟ ಮುಚ್ಚುವ, ರಕ್ತ ನುಗ್ಗುವ ಸಪ್ಪಳಗಳು ಒಂದು ಬಡಿತಕ್ಕೆ ಮೂರು ನಾಲ್ಕಾಗಿಯೂ ಕಿವಿಗೆ ಬೀಳಬಲ್ಲವು. ಮೈತೂಕದ ನೂರಕ್ಕೆ ಒಂದು ಪಾಲು ಹೃದಯವೇ. 400 ಕಿಲೋ ತೂಗುವ ಕುದುರೆಗೆ ಹತ್ತಿರ ಹತ್ತಿರ 4 ಕಿಲೋದ ಹೃದಯ.

ಸಮಾಧಾನವಾಗಿ ಎರಡನೇ ಸಲ ಎಣಿಸತೊಡಗಿದೆ. ಐದಾರು ಬಡಿತ ಆದ ಮೇಲೆ ಒನಕೆ ನಿಂತಿತು. ಒಂದು ಬಡಿತದ ಜಾಗ ಖಾಲಿ. ಮತ್ತೆ ಶುರು. ಮತ್ತೆ ಫೋನು. ‘ಅದೂ ಸರಿಯಾಗಿಯೇ ಐತಿ’ ಎಂದ ಗೆಳೆಯ. ಆರಾಮಾಗಿ ನಿಂತ, ದುಡಿಮೆಗೆ ಪಳಗಿದ ಕುದುರೆಯ ಹೃದಯ ಹೀಗೆ ಆಗಾಗ ಒಂದು ಬಡಿತವನ್ನು ಬಿಟ್ಟುಬಿಡುತ್ತದಂತೆ. ಒಂದು ಸುತ್ತು ಓಡಿಸಿದರೆ ಆ ಖಾಲಿ ಜಾಗ ತುಂಬಿಕೊಳ್ಳಬೇಕು. ಓಡಿದ ಮೇಲೂ ಬಡಿತ ತಪ್ಪಿದರೆ ಆಗ ಚಿಂತೆ. ರಾಣಿ ನನ್ನ ಬೆನ್ನನ್ನು ಮೂಗಿನಿಂದ ದಬ್ಬಿದಳು. ಹುರುಳಿಯ ಚೀಲದ ಮೇಲೆ ನಾನು ಕೂತಿದ್ದೆ.

ಈ ಉಸಾಬರಿ ನನಗೇಕೆ ಬಂತೆಂದರೆ, ಡಾಕ್ಟರರ ಮಾತು ಕೇಳಿ ಬಾಗಲಕೋಟೆಯ ನವನಗರದಲ್ಲಿ ದಿನಾ ಬೆಳಿಗ್ಗೆ ಓಡುವವ ನಾನು. ಎದೆಗೆ ಒಂದು ಪಟ್ಟಿ ಕಟ್ಟಿಕೊಂಡು ಓಡುತ್ತೇನೆ. ಅದು ಬಡಿತವನ್ನು ಫೋನಿಗೆ ಕಳಿಸುತ್ತದೆ. ಹೋದ ಬೇಸಿಗೆಯಲ್ಲಿ ಬನಶಂಕರಿಯಿಂದ ವಾಪಸು ಬರುವಾಗ ಟಾಂಗಾದಲ್ಲಿ ನಾವು ಆರು ಮಂದಿ, ಮೇಲೆ ಸಾಮಾನು. ಏರು ಹತ್ತುವಾಗ ಕುದುರೆಯ ಪಕ್ಕೆ ತಿದಿಯೊತ್ತಿದ ಹಾಗೆ ಏಳುತ್ತ ಬೀಳುತ್ತ ಇತ್ತು. ನನ್ನ ಬಡಿತ 150 ದಾಟಿದರೆ ಫೋನು ಎಚ್ಚರಿಸುತ್ತದೆ. ಇದಕ್ಕೆ ಯಾರು ಎಚ್ಚರಿಸಬೇಕು? ಬೆಂಗಳೂರಿನ ರೇಸ್ ಕುದುರೆಗಳಿಗೆ, ಕುಣಿಗಲ್‌ನ ಫಾರಮ್ಮಿನಲ್ಲಿ ಹುಟ್ಟುವ ಮರಿಗಳಿಗೆ ವೈದ್ಯರಿದ್ದಾರೆ, ಯಂತ್ರಗಳಿವೆ. ಕುದುರೆಗೆಂದೇ ಮಾಡಿದ ಬಡಿತದ ಪಟ್ಟಿಗಳು ಪರದೇಶದಿಂದ ಬರುತ್ತವೆ, ಅವುಗಳ ಬೆಲೆ ಕೇಳಿದರೆ ಟಾಂಗಾದವರು ಕುದುರೆಯನ್ನೇ ಮಾರಬೇಕು. ಬಾದಾಮಿಯ ಬೇವಿನ ಮರದ ಕೆಳಗೆ ನಡೆಯುವಂಥ ಒಂದು ಉಪಾಯ ಬೇಕಿತ್ತು.

ಸ್ಟೆತಸ್ಕೋಪ್ ನಾನೂರು ಐನೂರು ರೂಪಾಯಿಗೆ ಸಿಗುತ್ತದೆ. ಅದೂ ಇಲ್ಲದಿದ್ದರೆ ಬೆರಳು ಸಾಕು. ಕುದುರೆಯ ಕೆಳದವಡೆಯ ಎಲುಬಿನ ಅಂಚಿನಲ್ಲಿ, ಗಲ್ಲದ ದಪ್ಪ ಸ್ನಾಯು ಶುರುವಾಗುವ ಮುಂಚೆ, ಪೆನ್ಸಿಲ್ಲಿನ ಹಾಗೆ ಉರುಳುವ ಒಂದು ನಾಳ ಬೆರಳಿಗೆ ಸಿಗುತ್ತದೆ. ಎಲುಬಿಗೆ ಅದನ್ನು ಮೆಲ್ಲಗೆ ಒತ್ತಿ ಹಿಡಿದರೆ ನಾಡಿ. ಹೆಬ್ಬೆರಳು ಬೇಡ, ಅದಕ್ಕೆ ತನ್ನದೇ ನಾಡಿಯಿದೆ. ಆದರೆ ಇವೆರಡೂ ನಿಂತ ಕುದುರೆಯ ಲೆಕ್ಕ. ಓಡುವ ಕುದುರೆಯ ಮೇಲೆ ಕೂತವನು ಅದರ ಕಂಕುಳಿಗೆ ಕೈ ಹಾಕುವುದು ಹೇಗೆ? ಇಳಿದು ಎಣಿಸೋಣ ಎಂದರೆ ಕುದುರೆಯ ಹೃದಯ ಕಾಯುವುದಿಲ್ಲ. ನಾಗಾಲೋಟದಲ್ಲಿ 180, 200 ಇದ್ದದ್ದು ನಿಂತ ಮೊದಲ ಒಂದು ನಿಮಿಷದಲ್ಲೇ ಬಡಬಡನೆ ಇಳಿದುಬಿಡುತ್ತದೆ. ಲಗಾಮು ಕಟ್ಟಿ, ಸ್ಟೆತಸ್ಕೋಪ್ ಹುಡುಕಿ, ಜಾಗ ಸಿಗುವಷ್ಟರಲ್ಲಿ ಕಳ್ಳ ಊರು ಬಿಟ್ಟಿರುತ್ತಾನೆ. ಸವಾರಿಯ ನಡುವಿನ ಲೆಕ್ಕ ಬೇಕಾದರೆ ಮೈಗೆ ಅಂಟಿಕೊಂಡೇ ಎಣಿಸುವ ಏನಾದರೊಂದು ಬೇಕು.

ನನ್ನ ಎದೆಪಟ್ಟಿಯನ್ನೇ ಕುದುರೆಗೆ ಕಟ್ಟಿದರೆ?

ಪಟ್ಟಿ ಹಿಡಿದುಕೊಂಡು ಇಳಕಲ್ಲಿಗೆ ಹೋದೆ. ಅಲ್ಲಿ ನಮ್ಮ ಹಳೆಯ ಪರಿಚಯದ ಒಬ್ಬ ದರ್ಜಿ ಇದ್ದಾನೆ. ಅವನ ಅಂಗಡಿ ಇರುವ ಓಣಿಯಲ್ಲಿ ಇನ್ನೂ ಎರಡು ಮೂರು ಕೈಮಗ್ಗದ ಸಪ್ಪಳ ಉಳಿದಿದೆ. ಉಳಿದ ಕಡೆ ಪವರ್‌ಲೂಮಿನ ಒಂದೇ ಸಮನೆ ಗದ್ದಲ, ಅದರಲ್ಲಿ ಎಣಿಸುವಂಥದ್ದೇನೂ ಇಲ್ಲ. ಕೈಮಗ್ಗ ಹಾಗಲ್ಲ. ಲಾಳಿ ಈ ಕಡೆಯಿಂದ ಆ ಕಡೆಗೆ, ಹಲಗೆಯ ಪೆಟ್ಟು, ಕಾಲಿನ ಕೆಳಗೆ ಮೆಟ್ಟು. ಬಾಗಿಲಲ್ಲಿ ನಿಂತು ಸುಮ್ಮನೆ ಗಡಿಯಾರ ನೋಡುತ್ತ ಎಣಿಸಿದೆ. ಕಿವಿ ಪಳಗಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ. ನೇಯುವ ಅಜ್ಜ ನನ್ನನ್ನು ನೋಡಿ ಕೈ ನಿಲ್ಲಿಸಿದರು. ‘ಯಾಕ್ರೀ, ಯಾರ್ ಕಳಿಸ್ಯಾರ?’ ಸರ್ವೆಯವನು ಬಂದ ಎಂದುಕೊಂಡಿದ್ದರು. ಕುದುರೆಯ ವಿಷಯ ಹೇಳಿದೆ. ‘ಮಗ್ಗಾನೂ ಹಂಗ ನೋಡ್ರಿ. ಜೋರ್ ಹೊಡದವ ಜಾಣ ಅಲ್ಲ. ನಡುವ ನಿಂತು ಮತ್ತ ಕೂತಾಗ ಅದ ತಾಳಕ್ಕ ಬರಬೇಕು’ ಎಂದು ಮತ್ತೆ ಕಾಲು ಹಾಕಿದರು.

ದರ್ಜಿಗೆ ಕೆಲಸ ವಿವರಿಸುವುದೇ ಕಷ್ಟವಾಯಿತು. ಮನುಷ್ಯನ ಎದೆಗೆ ಆಗುವ ಪಟ್ಟಿ ಕುದುರೆಯ ಅರ್ಧ ಎದೆಗೂ ಬಾರದು. ಅದನ್ನು ಉದ್ದ ಮಾಡಬೇಕು. ಒಳಗಿನ ಎರಡು ಕಪ್ಪು ರಬ್ಬರಿನ ತುಂಡುಗಳಿವೆಯಲ್ಲ, ಅವೇ ಹೃದಯದ ವಿದ್ಯುತ್ತನ್ನು ಹಿಡಿಯುವ ಅಂಗೈಗಳು. ಅವಕ್ಕೆ ಸೂಜಿ ತಾಗಬಾರದು. ಅವನು ಪಟ್ಟಿಯನ್ನು ತಿರುವಿ ಮುರುವಿ ನೋಡಿದ. ‘ಸೀರಿಗೆ ಸೆರಗು ಕೊಂಡಿ ಹಾಕಿದಂಗ ಹಾಕಬೇಕು ಅನ್ರಿ’ ಎಂದ. ಇಳಕಲ್ಲಿನವನಿಗೆ ಬೇರೆ ಹೇಗೆ ಹೊಳೆಯಬೇಕು! ಇಲ್ಲಿ ಸೀರೆಯ ಮೈಯ ಹಾಸನ್ನೂ ಸೆರಗಿನ ಹಾಸನ್ನೂ ಎಳೆಗೆ ಎಳೆ ಕುಣಿಕೆ ಹಾಕಿ ಕೂಡಿಸುತ್ತಾರೆ. ಕೊನೆಗೆ ಎರಡೂ ತುದಿಗೆ ಅಗಲವಾದ ಇಲಾಸ್ಟಿಕ್, ಬಿಗಿ ಮಾಡಲು ಒಂದು ಬಕಲ್. ದುಡ್ಡು ತೆಗೆದುಕೊಳ್ಳಲಿಲ್ಲ. ಕುದುರೆಗೆ ಕಟ್ಟಿದ ಫೋಟೋ ಕಳಿಸಬೇಕೆಂದು ಕರಾರು.

ಎದೆಪಟ್ಟಿ ಕೆಲಸ ಮಾಡುವ ರೀತಿಯನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಹೃದಯ ಪ್ರತಿ ಸಲ ಕುಗ್ಗುವ ಮುಂಚೆ ಅದರ ಮೇಲೆ ಒಂದು ಸಣ್ಣ ವಿದ್ಯುತ್ತಿನ ಅಲೆ ಹಾಯುತ್ತದೆ, ಚರ್ಮದ ಮೇಲೂ ಅದು ಸಿಗುತ್ತದೆ. ಆಸ್ಪತ್ರೆಯ ಇಸಿಜಿ ಹಿಡಿಯುವುದು ಇದನ್ನೇ. ಫಿನ್‌ಲೆಂಡಿನ ಪೋಲಾರ್ ಕಂಪನಿ 1982ರಲ್ಲಿ ತಂತಿಯಿಲ್ಲದ ಪಟ್ಟಿಯನ್ನು ಮಾರುಕಟ್ಟೆಗೆ ತಂದ ಮೇಲೆ ಓಟಗಾರರು ಮೈದಾನದಲ್ಲೇ ತಮ್ಮ ಬಡಿತ ನೋಡುವುದು ಸಾಧ್ಯವಾಯಿತು. ಈಗ ಅಂಥ ಪಟ್ಟಿಗಳು ಹತ್ತಾರು ಹೆಸರಿನಲ್ಲಿವೆ, ಬಹಳಷ್ಟು ಬ್ಲೂಟೂತ್‌ನಲ್ಲಿ ಯಾವ ಫೋನಿನ ಜೊತೆಗಾದರೂ ಮಾತಾಡುತ್ತವೆ. ಕೈಗಡಿಯಾರದ ಬೆನ್ನಲ್ಲಿ ಹಸಿರು ಬೆಳಕು ಮಿನುಗುತ್ತದಲ್ಲ, ಅದು ಕುದುರೆಗೆ ಬರುವುದಿಲ್ಲ. ಆ ಬೆಳಕು ಚರ್ಮದೊಳಗಿನ ರಕ್ತವನ್ನು ನೋಡಬೇಕು. ಕೂದಲು, ದಟ್ಟ ಬಣ್ಣದ ದಪ್ಪ ತೊಗಲು ಅದಕ್ಕೆ ಅಡ್ಡ. ವಿದ್ಯುತ್ತಿಗೂ ಒಣ ಕೂದಲು ಅಡ್ಡವೇ, ಆದರೆ ಅದಕ್ಕೆ ಮದ್ದಿದೆ: ಉಪ್ಪುನೀರು.

ಕಟ್ಟಲು ಸವಾರಿಯ ಕುದುರೆ ಬೇಕು. ಟಾಂಗಾದ ರಾಣಿಯ ಬೆನ್ನಿಗೆ ಯಾರೂ ಹತ್ತುವುದಿಲ್ಲ. ಬಾಗಲಕೋಟೆಯಲ್ಲಿ ಮದುವೆ ಮೆರವಣಿಗೆಗೆ ಬಾಡಿಗೆ ಕೊಡುವ ಬಿಳಿ ಕುದುರೆಯೊಂದಿದೆ, ಅದನ್ನು ನೋಡಿಕೊಳ್ಳುವ ಹುಡುಗ ಬೆಳಗಿನ ಹೊತ್ತು ಅದಕ್ಕೆ ಕಾಲಾಡಿಸಲು ಹಿನ್ನೀರಿನ ದಂಡೆಗೆ ಬರುತ್ತಾನೆ. ಆಲಮಟ್ಟಿಯ ನೀರು ಹಳೆಯ ಊರಿನ ಎಷ್ಟೋ ಓಣಿಗಳನ್ನು ನುಂಗಿ ಈಗ ತಣ್ಣಗೆ ಮಲಗಿರುವ ದಂಡೆ ಅದು. ನೀರ ಮೇಲೆ ಮಂಜು, ದೂರದಲ್ಲಿ ಹಕ್ಕಿಗಳ ಸಾಲು. ಹುಡುಗ ಜೀನಿನ ಹೊಟ್ಟೆಪಟ್ಟಿ ಸಡಿಲಿಸಿದ. ಎಡಗಡೆ ಮೊಣಕೈಯ ಹಿಂದೆ ಕೂದಲನ್ನು ಉಪ್ಪುನೀರಿನಿಂದ ತೊಪ್ಪೆಯಾಗುವಂತೆ ನೆನೆಸಿ, ರಬ್ಬರಿನ ತುಂಡುಗಳು ಅಲ್ಲೇ ಕೂರುವ ಹಾಗೆ ಪಟ್ಟಿ ಬಿಗಿದು, ಮೇಲೆ ಹೊಟ್ಟೆಪಟ್ಟಿಯ ಅಂಚು ಒತ್ತುವಂತೆ ಮಾಡಿದೆವು. ಫೋನು ಹುಡುಗನ ಅಂಗಿಯ ಜೇಬಿಗೆ, ನಿಮಿಷಕ್ಕೊಮ್ಮೆ ಸಂಖ್ಯೆಯನ್ನು ಬಾಯಿಬಿಟ್ಟು ಹೇಳುವಂತೆ.

ನಿಂತಾಗ 80 ಎಂದಿತು ಫೋನು. ಕಂಕುಳಿಗೆ ಸ್ಟೆತಸ್ಕೋಪ್ ಇಟ್ಟರೆ 40. ಸರಿಯಾಗಿ ಎರಡರಷ್ಟು! ಈ ಸಲ ತಪ್ಪು ನನ್ನದಲ್ಲ. ಕುದುರೆಯ ಇಸಿಜಿಯಲ್ಲಿ ಬಡಿತದ ಅಲೆಯ ಬೆನ್ನಿಗೆ ಬರುವ ಟಿ ಎಂಬ ಇನ್ನೊಂದು ಅಲೆ ಮನುಷ್ಯರದ್ದಕ್ಕಿಂತ ಎತ್ತರಕ್ಕೆ ಏಳುವುದುಂಟು. ಮನುಷ್ಯರಿಗೆಂದು ಮಾಡಿದ ಪಟ್ಟಿ ಅದನ್ನೂ ಒಂದು ಬಡಿತವೆಂದು ಬರೆದುಕೊಳ್ಳುತ್ತದೆ. ಲಬ್ಬನ್ನೂ ಡಬ್ಬನ್ನೂ ಬೇರೆ ಬೇರೆ ಎಣಿಸಿದ ನನ್ನ ಹಾಗೆಯೇ ಯಂತ್ರವೂ ಮೋಸ ಹೋಗಿತ್ತು. ಸ್ವಲ್ಪ ಸಮಾಧಾನವೇ ಆಯಿತು. ಪಟ್ಟಿಯನ್ನು ನಾಲ್ಕು ಬೆರಳು ಕೆಳಕ್ಕೆ, ಎದೆಗೂಡಿನ ತಳದ ಕಡೆಗೆ ಜರುಗಿಸಿದೆವು. ಮತ್ತೆ ನೀರು. 41. ಸ್ಟೆತಸ್ಕೋಪೂ ಹೂಂ ಎಂದಿತು. ಅಗ್ಗದ ಉಪಾಯಕ್ಕೆ ಇದೊಂದು ಕಟ್ಟುಪಾಡು: ಪಟ್ಟಿ ಕಟ್ಟಿದ ದಿನವೆಲ್ಲ ಮೊದಲು ಕಿವಿಯ ಲೆಕ್ಕಕ್ಕೆ ತಾಳೆ ನೋಡಬೇಕು. ತಾಳೆಯಾಗದ ಸಂಖ್ಯೆಯನ್ನು ನಂಬಿ ಕುದುರೆ ಓಡಿಸುವುದಕ್ಕಿಂತ ಸಂಖ್ಯೆಯೇ ಇಲ್ಲದೆ ಓಡಿಸುವುದು ವಾಸಿ.

ಹುಡುಗ ಹತ್ತಿದ. ನಡಿಗೆಯಲ್ಲಿ 64, 70. ಕುಕ್ಕುಲೋಟಕ್ಕೆ ಬಿಟ್ಟಾಗ ನೂರು ದಾಟಿ 118. ಆಗ ನಡುವೆ ಒಮ್ಮೆ 31, ಮರುಕ್ಷಣ 203 ಎಂದು ಫೋನು ಬಡಬಡಿಸಿತು. ಹೆಜ್ಜೆಯ ಕುಲುಕಿಗೆ ಪಟ್ಟಿ ಸರಿದು, ಸ್ನಾಯುಗಳ ವಿದ್ಯುತ್ತೆಲ್ಲ ಅದರೊಳಗೆ ನುಗ್ಗಿತ್ತು. ಮೈ ಬೆವರಿದ ಮೇಲೆ ಎಲ್ಲ ಸರಿಹೋಯಿತು. ಬೆವರು ಅಂದರೂ ಉಪ್ಪುನೀರೇ ತಾನೆ. ಕೊನೆಗೆ ದಂಡೆಯ ಉದ್ದಕ್ಕೆ ನಾಗಾಲೋಟ. ಮಂಜಿನೊಳಗೆ ಗೊರಸಿನ ಸದ್ದು ಮುಳುಗಿ, ತೇಲಿ, ಮತ್ತೆ ಹತ್ತಿರ ಬಂತು. ‘ನೂರಾ ಎಪ್ಪತ್ನಾಕ ಅಂತ್ರಿ ಅಣ್ಣಾರ!’ ಹುಡುಗ ದೂರದಿಂದಲೇ ಕೂಗಿದ. ಅವನ ಹಲ್ಲು ಅಷ್ಟೂ ಕಾಣುತ್ತಿದ್ದವು.

ಕುದುರೆಯ ಹೃದಯ 220, 240ರವರೆಗೂ ಹೋಗಬಲ್ಲದು. ನಿಂತಾಗ ನಮಗಿಂತ ಎಷ್ಟೋ ನಿಧಾನ, ಓಡುವಾಗ ಆರೇಳು ಪಟ್ಟು ಜೋರು. ನಮ್ಮದು ಮೂರು ಪಟ್ಟಾಗುವುದರೊಳಗೆ ಏದುಸಿರು. ಅದರ ಗುಲ್ಮವೂ ಒಂದು ಗುಟ್ಟಿನ ಕಣಜ: ಓಟ ಶುರುವಾದೊಡನೆ ಹಿಂಡಿಕೊಂಡು, ಕೂಡಿಟ್ಟ ಕೆಂಪು ರಕ್ತಕಣಗಳನ್ನು ರಕ್ತಕ್ಕೆ ಸುರಿಯುತ್ತದೆ. ಆದರೆ 150, 160 ದಾಟಿದ ಮೇಲೆ ಸ್ನಾಯುಗಳಲ್ಲಿ ಆಮ್ಲ ಕೂಡತೊಡಗುತ್ತದೆ. ಅಲ್ಲಿಂದ ಮುಂದಿನದು ಸಾಲದ ಓಟ, ಬೇಗ ತೀರಿಸಬೇಕು.

ಅದೇ ಕುದುರೆಯನ್ನು ಅದೇ ವಾರ ಸಂಜೆ ಮದುವೆಯ ಮೆರವಣಿಗೆಯಲ್ಲಿ ನೋಡಿದೆ. ಹುಡುಗ ಹುಮ್ಮಸ್ಸಿನಿಂದ ಪಟ್ಟಿಯನ್ನು ಜರಿಯ ಹೊದಿಕೆಯ ಕೆಳಗೆ ಕಟ್ಟಿಯೇ ತಂದಿದ್ದ. ತಲೆಗೆ ಗರಿ, ಹಣೆಗೆ ಕನ್ನಡಿ, ಬೆನ್ನ ಮೇಲೆ ನಡುಗುವ ಮದುಮಗ. ಮುಂದೆ ಟ್ರ್ಯಾಕ್ಟರಿನಲ್ಲಿ ಗೋಡೆಯೆತ್ತರ ಪೇರಿಸಿದ ಡಿಜೆ ಪೆಟ್ಟಿಗೆಗಳು. ಕುದುರೆ ಒಂದು ಹೆಜ್ಜೆಯನ್ನೂ ಇಡುತ್ತಿರಲಿಲ್ಲ, ಕಂಬಕ್ಕೆ ಕಟ್ಟಿದ ಹಾಗೆ ನಿಂತಿತ್ತು. ಕುಣಿಯುವವರಿಗೆ ಅದು ಶಾಂತ ಪ್ರಾಣಿ. ಫೋನು ನೋಡಿದೆ: 112. ಪಟಾಕಿಯ ಸರ ಹೊತ್ತಿಕೊಂಡಾಗ 140. ದಂಡೆಯ ಮೇಲೆ ಕುಕ್ಕುಲೋಟದಲ್ಲಿ ಓಡಿದ್ದಕ್ಕಿಂತ ಹೆಚ್ಚು, ನಿಂತ ನಿಲುವಿನಲ್ಲಿ. ಕಿವಿ ಮಾತ್ರ ಹಿಂದಕ್ಕೂ ಮುಂದಕ್ಕೂ ತಿರುಗುತ್ತಿತ್ತು. ನಾನು ಹುಡುಗನಿಗೆ ಸಂಖ್ಯೆ ತೋರಿಸಿದೆ. ಅವನು ಏನೂ ಅನ್ನಲಿಲ್ಲ. ಡಿಜೆಗೂ ಕುದುರೆಗೂ ನಡುವೆ ನಾಲ್ಕು ಮಾರು ಜಾಗ ಬಿಡಿಸಲು ಹೋಗಿ ಹಿರಿಯರೊಬ್ಬರಿಂದ ಬೈಸಿಕೊಂಡು ಬಂದ. ಬಡಿತದ ಸಂಖ್ಯೆ ಬರೀ ದಣಿವಿನದಲ್ಲ, ಭಯದ್ದೂ ಹೌದು, ನೋವಿನದೂ ಹೌದು. ದುಡಿಯದೆ ಸುಮ್ಮನೆ ನಿಂತ ಕುದುರೆ ಹೊಟ್ಟೆಶೂಲೆಯಿಂದ 60 ದಾಟಿದರೆ ಪಶುವೈದ್ಯರನ್ನು ಕರೆಸಬೇಕು, ಅಷ್ಟೆ.

ಹುನಗುಂದದ ಎರೆ ಹೊಲಗಳಲ್ಲಿ ಆಗ ಬಿಳಿಜೋಳ ತೆನೆ ಬಿಟ್ಟು ನಿಂತಿತ್ತು. ಹೆದ್ದಾರಿಯ ಮಗ್ಗುಲಿಗೆ ಕುರಿಗಾರರ ಹಿಂಡೊಂದು ಹೊರಟಿತ್ತು. ಹಿಂದೆ ಎರಡು ತಟ್ಟುಗಳು. ಒಂದರ ಮೇಲೆ ಕಂಬಳಿ, ಪಾತ್ರೆ, ಬಲೆಯ ಗೂಟ, ಇನ್ನೊಂದರ ಚೀಲದಿಂದ ಆಗತಾನೆ ಹುಟ್ಟಿದ ಮರಿಗಳ ಮುಖ. ಗಿಡ್ಡ ಕಾಲು, ದಪ್ಪ ಕುತ್ತಿಗೆ. ಈ ಬಯಲು ತನಗೆ ಬೇಕಾದ ಹಾಗೆ ತಿದ್ದಿಕೊಂಡ ಕುದುರೆ. ಕುರಿಗಾರ ಅಣ್ಣನಿಗೆ ನನ್ನ ಪಟ್ಟಿ ತೋರಿಸಿದೆ. ಅವನು ನೋಡಿ ವಾಪಸು ಕೊಟ್ಟು, ತಟ್ಟುವಿನ ಮೊಣಕೈ ಹಿಂದೆ ಅಂಗೈ ಇಟ್ಟ. ‘ಇಲ್ಲಿ ಕೈಗೆ ಹೊಡದ್ರ ನಿಲ್ಲಸತೀವ್ರಿ. ಹೊಡೀಲಿಲ್ಲಂದ್ರ ನಡಸತೀವಿ.’

ಕುದುರೆಯ ಬಡಿತ ಸುಮ್ಮನಿದ್ದಾಗ ಅಂಗೈಗೆ ತಾಗುವುದೇ ಅಪರೂಪ. ದುಡಿದು ಏರಿದಾಗ ತಮಟೆಯ ಹಾಗೆ ಬಡಿಯುತ್ತದೆ. ಅವನದು ಒಂದೇ ಪ್ರಶ್ನೆ, ಒಂದೇ ಉತ್ತರ. ಇಡೀ ಯಂತ್ರಶಾಸ್ತ್ರಕ್ಕೆ ಒಂದು ಅಂಗೈ ಸಮ. ನನ್ನ ಪಟ್ಟಿಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡೆ.

ಅಲ್ಲಿಂದ ಐಹೊಳೆಗೆ ಹೆಚ್ಚು ದೂರವಿಲ್ಲ. ಈ ಊರಿನ ಹೆಸರು ಹೊತ್ತ ಅಯ್ಯಾವೊಳೆ ಐನೂರ್ವರು ಎಂಬ ವರ್ತಕರ ಸಂಘ ಹನ್ನೊಂದನೇ ಶತಮಾನದ ಶಾಸನದಲ್ಲಿ ತಾನು ಮಾರುವ ಸರಕನ್ನು ಹೇಳಿಕೊಳ್ಳುವಾಗ ಆನೆಯ ಜೊತೆಗೆ ಒಳ್ಳೆಯ ತಳಿಯ ಕುದುರೆಯನ್ನೂ ಹೆಸರಿಸುತ್ತದೆ. ಕೊಳ್ಳುವವರು ಹಲ್ಲು ನೋಡಿರಬೇಕು, ಸುಳಿ ನೋಡಿರಬೇಕು. ಒಬ್ಬಿಬ್ಬರಾದರೂ ಕಂಕುಳಿಗೆ ಅಂಗೈ ಇಟ್ಟು ನೋಡದೆ ಇದ್ದಾರೆಯೇ? ಮೂರನೇ ಸೋಮೇಶ್ವರ ಹನ್ನೆರಡನೇ ಶತಮಾನದ ಮಾನಸೋಲ್ಲಾಸದಲ್ಲಿ ಕುದುರೆಯ ಚೆಂಡಾಟಕ್ಕೇ ಒಂದು ಭಾಗ ಬರೆದ. ಸುಮಾರು 1400ರಲ್ಲಿ ಅಭಿನವಚಂದ್ರ ಕನ್ನಡದಲ್ಲೇ ಅಶ್ವವೈದ್ಯ ಬರೆದ. ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯ ಮುಖಮಂಟಪದಲ್ಲಿ ನಿಂತು ತಲೆಯೆತ್ತಿದರೆ ಸೂರ್ಯನ ರಥ, ಏಳು ಕುದುರೆ. ಸಾವಿರದ ಇನ್ನೂರೈವತ್ತಕ್ಕೂ ಹೆಚ್ಚು ವರ್ಷಗಳಿಂದ ಒಂದೇ ಸಮನೆ ಎಳೆಯುತ್ತಿವೆ. ಅವುಗಳ ಪಕ್ಕೆ ಮಾತ್ರ ಏಳುವುದೂ ಇಲ್ಲ, ಬೀಳುವುದೂ ಇಲ್ಲ.

ಮತ್ತೆ ಬಾದಾಮಿಗೆ ಬಂದದ್ದು ಏಪ್ರಿಲ್ಲಿನಲ್ಲಿ, ಮಧ್ಯಾಹ್ನ. ಕೆಂಪು ಬಂಡೆಗಳು ಕಾದ ಹಂಚಾಗಿದ್ದವು. ಅಗಸ್ತ್ಯ ತೀರ್ಥದ ಕಡೆಯಿಂದ ಬರುವ ಗಾಳಿಯೂ ಬಿಸಿ. ರಾಣಿ ಅದೇ ಬೇವಿನ ನೆರಳಲ್ಲಿ ಮೂರು ಕಾಲಿನ ಮೇಲೆ ತೂಕ ಬಿಟ್ಟು ನಿಂತಿದ್ದಳು. ನಿಂತಲ್ಲೇ 48. ಜನವರಿಯ 38ಕ್ಕೆ ಹೋಲಿಸಿದರೆ ಹತ್ತು ಹೆಚ್ಚು, ಏನೂ ದುಡಿಯದೆ. ಬರೀ ಮೈ ತಂಪು ಮಾಡಿಕೊಳ್ಳಲು ಹೃದಯ ರಕ್ತವನ್ನು ಚರ್ಮದ ಕಡೆಗೆ ತಳ್ಳಬೇಕು; ಗಾಡಿ ಎಳೆಯುವುದು ಅದರ ಮೇಲಿನ ಖರ್ಚು.

1965ರಿಂದಲೇ ಕೇಂದ್ರ ಸರ್ಕಾರದ ನಿಯಮವಿದೆ. ಉಷ್ಣತೆ 37 ಡಿಗ್ರಿ ದಾಟುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಗಾಡಿಗೆ ಕುದುರೆ ಹೂಡುವಂತಿಲ್ಲ. ದಿನಕ್ಕೆ 9 ತಾಸಿಗಿಂತ ಹೆಚ್ಚಿಲ್ಲ, ಬಿಡುವಿಲ್ಲದೆ 5 ತಾಸಿಗಿಂತ ಹೆಚ್ಚಿಲ್ಲ. ಗಾಡಿಯವನನ್ನೂ ಸಣ್ಣ ಮಕ್ಕಳನ್ನೂ ಬಿಟ್ಟು 4 ಮಂದಿ. ಕಾಕಾಗೆ ಓದಿ ಹೇಳಿದೆ. ‘ನಿಯಮ ಬರದವ್ರು ಮಧ್ಯಾನ್ಹದ ಪ್ಯಾಸೆಂಜರ್ ಬಿಟ್ಟು ನಮ್ಮ ಹೊಟ್ಟಿಗೆ ಏನ್ ಹಾಕಬೇಕಂತ ಬರದಾರೇನ್ರಿ?’ ಎಂದು ಕೇಳಿದರು. ಅದರಲ್ಲಿ ಬರೆದಿಲ್ಲ. ಟಂಟಂಗಳು ಬಂದ ಮೇಲೆ ಟಾಂಗಾಗಳು ಬೆರಳೆಣಿಕೆಗೆ ಇಳಿದಿವೆ. ಇದ್ದ ಗಿರಾಕಿಯನ್ನು ಬಿಡು ಎನ್ನಲು ನನಗೆ ಬಾಯಿ ಬರಲಿಲ್ಲ. ಹೇಳಲಿಕ್ಕೆ ನನ್ನ ಬಳಿ ಇದ್ದದ್ದು ಎಣಿಕೆ ಮಾತ್ರ.

ಅಮೆರಿಕದ ಪಶುವೈದ್ಯ ಕೆರಿ ರಿಡ್ಜ್‌ವೇ ಹಚ್ಚಿಕೊಟ್ಟ ಒಂದು ಪರೀಕ್ಷೆಯಿದೆ. ದೂರದ ಓಟದ ಕುದುರೆಗಳಿಗೆ ಮಾಡುವುದು, ಟಾಂಗಾಕ್ಕೆ ಬೇಡವೆಂದೇನಿಲ್ಲ. ಕುದುರೆ ದಣಿವಾರಿಸಿಕೊಂಡ ಮೇಲೆ ಬಡಿತ ಎಣಿಸಬೇಕು. ಆಮೇಲೆ 125 ಅಡಿ ದೂರಕ್ಕೆ ಕುಕ್ಕುಲೋಟದಲ್ಲಿ ಹೋಗಿ ತಿರುಗಿ ಬರಬೇಕು. ಹೊರಟ ಗಳಿಗೆಯಿಂದ ಸರಿಯಾಗಿ ಒಂದು ನಿಮಿಷಕ್ಕೆ ಮತ್ತೆ ಎಣಿಸಬೇಕು. ಎರಡನೇ ಲೆಕ್ಕ ಮೊದಲಿನದಕ್ಕೆ ಸಮನಾಗಿದ್ದರೆ, ಕಡಿಮೆಯಿದ್ದರೆ, ಕುದುರೆಯಲ್ಲಿ ಇನ್ನೂ ಕಸುವಿದೆ. ನಾಲ್ಕಕ್ಕಿಂತ ಹೆಚ್ಚು ಏರಿದರೆ ಸಾಕು ಎನ್ನುತ್ತಿದೆ. ಬೇವಿನ ಮರದಿಂದ ಚಹಾದಂಗಡಿಯವರೆಗೆ ಹೆಜ್ಜೆ ಹಾಕಿ ಅಳೆದೆ, ಹತ್ತಿರ ಹತ್ತಿರ ಅಷ್ಟೇ ದೂರ. ಚಹಾದವನು ಬಕೆಟ್ ಸರಿಸಿ ದಾರಿ ಮಾಡಿದ.

ಕಾಕಾ ಅಷ್ಟು ಹೊತ್ತು ದೂರ ನಿಂತಿದ್ದವರು ಬಂದು ಸ್ಟೆತಸ್ಕೋಪ್ ಕಿತ್ತುಕೊಂಡು ತಮ್ಮ ಕಿವಿಗೆ ಹಾಕಿಕೊಂಡರು. ಕಂಕುಳಿನ ಜಾಗ ಅವರಿಗೆ ಹುಡುಕಬೇಕಾಗಲೇ ಇಲ್ಲ. ಹದಿನೆಂಟು ವರ್ಷದಿಂದ ತಿಕ್ಕಿ ತೊಳೆದ ಮೈ. ಕಣ್ಣು ದೊಡ್ಡದಾದವು. ತುಟಿ ಅಲ್ಲಾಡತೊಡಗಿತು. ಎಣಿಕೆ ಉರ್ದುವಿನಲ್ಲಿ ಶುರುವಾಗಿ ಎಂಟಕ್ಕೆ ಬರುವಷ್ಟರಲ್ಲಿ ಕನ್ನಡಕ್ಕೆ ಹೊರಳಿತ್ತು.

‘ಹನ್ನೆರಡ್ರಿ.’

‘ಹನ್ನೆರಡ ನಾಕಲೆ?’

‘ನಲವತ್ತೆಂಟ. ನಾಕರ ಮಗ್ಗಿ ಬರತೈತ್ರಿ ನಂಗ, ಸಾಲಿಗೆ ಹೋಗೀನಿ.’

ಅಂದು ಬನಶಂಕರಿಗೆ ನಾವು ಹೊರಟದ್ದು ನಾಲ್ಕರ ಮೇಲೆ. ಏರು ಬಂದಾಗ ಕಾಕಾ ಇಳಿದು ಪಕ್ಕದಲ್ಲಿ ನಡೆದರು, ನಾನೂ ಇಳಿದೆ. ಹರಿದ್ರಾ ತೀರ್ಥದ ಹತ್ತಿರ ಗಾಡಿ ನಿಂತ ಕೂಡಲೇ ಎಣಿಸಿದರೆ 92. ರಾಣಿಯ ಕುತ್ತಿಗೆಗೂ ಎದೆಗೂ ಎರಡು ಬಕೆಟ್ ನೀರು ಹೊಯ್ದು ನೆರಳಿಗೆ ಕಟ್ಟಿದೆವು. ಅಂತರರಾಷ್ಟ್ರೀಯ ಮಟ್ಟದ ದೂರದ ಕುದುರೆ ಓಟಗಳಲ್ಲಿ, ತಪಾಸಣೆಯ ನಿಲ್ದಾಣ ತಲುಪಿದ ಕುದುರೆಯ ಬಡಿತ 15 ನಿಮಿಷದೊಳಗೆ 64ಕ್ಕೆ ಇಳಿಯದಿದ್ದರೆ ಅದನ್ನು ಸ್ಪರ್ಧೆಯಿಂದ ಹೊರಗಿಡುತ್ತಾರೆ. ಎಷ್ಟೇ ಜೋರು ಓಡಿರಲಿ, ಬಡಿತ ಹೊತ್ತಿಗೆ ಸರಿಯಾಗಿ ಇಳಿಯದಿದ್ದರೆ ಆ ಓಟ ಲೆಕ್ಕಕ್ಕಿಲ್ಲ. ಇಳಕಲ್ಲಿನ ಅಜ್ಜ ಹೇಳಿದ್ದೂ ಅದೇ ಇರಬೇಕು. ರಾಣಿ ಹತ್ತನೇ ನಿಮಿಷಕ್ಕೆ 60ಕ್ಕೆ ಬಂದಳು. ಕಾಕಾ ಎರಡು ಸಲ ಎಣಿಸಿ ಖಾತ್ರಿ ಮಾಡಿಕೊಂಡು ಬೀಡಿ ಹೊತ್ತಿಸಿದರು.

ವಾಪಸು ಹೊರಡುವಾಗ ಆರು ಮಂದಿಯ ಒಂದು ಕುಟುಂಬ ಬಂದು ಟಾಂಗಾದ ಬಾಡಿಗೆ ಕೇಳಿತು. ಮಕ್ಕಳು ಕುದುರೆ ಗಾಡಿಯೇ ಬೇಕೆಂದು ಹಟ ಹಿಡಿದಿದ್ದವು. ಕಾಕಾ ಬೆರಳು ಮಡಚಿ ಎಣಿಸಿದರು. ‘ನಾಕ್ ಮಂದಿ ಕೂಡ್ರಿ. ಉಳದವ್ರು ಹಿಂದಿನ ಟಂಟಂದಾಗ ಬರ್ರಿ. ಇಕೀಗೆ ಸ್ವಲ್ಪ ಬಿ.ಪಿ. ಐತಿ.’

ಪಟ್ಟಿ ಈಗ ಮದುವೆಯ ಕುದುರೆಯ ಹುಡುಗನ ಬಳಿ ಇದೆ. ಸ್ಟೆತಸ್ಕೋಪ್ ಕಾಕಾ ವಾಪಸು ಕೊಡಲಿಲ್ಲ, ನಾನೂ ಕೇಳಲಿಲ್ಲ. ನೀವು ಬಾದಾಮಿಗೆ ಬಂದರೆ, ಬೇಸಿಗೆಯಾದರೆ ಬೆಳಿಗ್ಗೆಯೋ ಇಳಿಹೊತ್ತಿಗೋ ಟಾಂಗಾ ಹತ್ತಿ, ನಾಲ್ಕು ಮಂದಿಯೇ ಹತ್ತಿ. ಇಳಿದ ಮೇಲೆ ಹತ್ತು ನಿಮಿಷ ಗಾಡಿ ನಿಂತರೆ ತಡವಾಯಿತೆಂದು ಗಲಾಟೆ ಮಾಡಬೇಡಿ; ಕಾಕಾ ಎಣಿಸುತ್ತಿರುತ್ತಾರೆ.